ಈರಿ ಸರೋವರದಲ್ಲಿ ಏಪ್ರಿಲ್ ತಿಂಗಳ ವಾಲೈ ಬೇಟೆ: ಪದೇ ಪದೇ ಕೇಳುವ ಪ್ರಶ್ನೆಗಳು

ಏಪ್ರಿಲ್ ಮಧ್ಯದಲ್ಲಿ ನಾವು ಐದು ಜನ ಓಹಾಯೋದ ಪೋರ್ಟ್ ಕ್ಲಿಂಟನ್‌ನಲ್ಲಿ ಬೋಟ್ ಹತ್ತಿ ಹೋಗಿ 22 ಮೀನು ತಂದೆವು. ಫೋಟೋ ಕಳಿಸಿದ ದಿನದಿಂದ ಫೋನು ಸುಮ್ಮನಾಗಿಲ್ಲ. ಕೊಲಂಬಸ್ಸಿನ ಗೆಳೆಯರು, ಡೆಟ್ರಾಯ್ಟ್ ಕಡೆಯವರು, ತೀರ್ಥಹಳ್ಳಿಯಲ್ಲಿರುವ ಅಮ್ಮ, ಎಲ್ಲರದ್ದೂ ಹೆಚ್ಚುಕಡಿಮೆ ಅವೇ ಪ್ರಶ್ನೆ. ಹೇಳಿ ಹೇಳಿ ಸಾಕಾಯಿತು, ಅದಕ್ಕೆ ಎಲ್ಲ ಒಂದೇ ಕಡೆ ಬರೆದಿಡುತ್ತಿದ್ದೇನೆ.

ವಾಲೈ ಅಂದ್ರೆ ಯಾವ ಮೀನು? ನಮ್ಮ ಕಡೆ ಸಿಗುತ್ತಾ?

ಇಲ್ಲ, ಇದು ಉತ್ತರ ಅಮೆರಿಕದ ಸಿಹಿನೀರಿನ ಮೀನು. ಕನ್ನಡದಲ್ಲಿ ಹೆಸರಿಲ್ಲ. ಉದ್ದ ಮೈ, ಹಸಿರು ಬೆರೆತ ಚಿನ್ನದ ಬಣ್ಣ, ಬಿಳಿ ಹೊಟ್ಟೆ, ಬಾಲದ ಕೆಳತುದಿಯಲ್ಲಿ ಸುಣ್ಣ ಹಚ್ಚಿದ ಹಾಗೆ ಒಂದು ಬಿಳಿ ಗುರುತು. ಎಲ್ಲಕ್ಕಿಂತ ಮೊದಲು ಕಾಣೋದು ಕಣ್ಣು. ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂಥ ಪದರ ಇದೆ, ಬೆಕ್ಕಿಗೆ ಇರುವ ಹಾಗೆ. ಕತ್ತಲಲ್ಲಿ ಟಾರ್ಚ್ ಬಿಟ್ಟರೆ ಎರಡು ಬಿಲ್ಲೆ ಬೆಳಗಿದ ಹಾಗೆ ಹೊಳೆಯುತ್ತದೆ. ಬೆಳಕು ಕಮ್ಮಿ ಇದ್ದಾಗ, ನೀರು ಸ್ವಲ್ಪ ಮಬ್ಬಾಗಿದ್ದಾಗ ಬೇರೆ ಮೀನಿಗೆ ಕಾಣದ್ದು ಇದಕ್ಕೆ ಕಾಣುತ್ತದೆ, ಹಾಗಾಗಿ ಇದರ ಊಟದ ಹೊತ್ತು ಬೆಳಗಿನ ಜಾವ ಮತ್ತು ಮುಸ್ಸಂಜೆ. ಬಾಯಿ ತುಂಬಾ ಚೂಪು ಹಲ್ಲು. ಬೆರಳು ಹಾಕಬೇಡಿ, ನಾನು ಹಾಕಿ ನೋಡಿದ್ದೇನೆ. ಕೆನಡಾ ಕಡೆಯವರು ಇದನ್ನೇ ಪಿಕರೆಲ್ ಅಂತಾರೆ. ಟೊರಾಂಟೊದ ನೆಂಟರು ಬೇರೆ ಮೀನು ಅಂತ ವಾದ ಮಾಡಿದರೆ ಒಪ್ಪಬೇಡಿ.

ಅಷ್ಟು ಕೆರೆ ಇರುವಾಗ ಈರಿಗೇ ಯಾಕೆ?

ಕೆರೆ ಅನ್ನಬೇಡಿ, ನೋಡಿದ ಮೇಲೆ ನಿಮಗೇ ನಗು ಬರುತ್ತದೆ. ಸುಮಾರು 25,700 ಚದರ ಕಿಲೋಮೀಟರ್, ಅಂದರೆ ಹೆಚ್ಚುಕಡಿಮೆ ಮೂರು ಶಿವಮೊಗ್ಗ ಜಿಲ್ಲೆ. ಆಚೆ ದಡ ಕಾಣಲ್ಲ. ಉತ್ತರ ಅಮೆರಿಕದ ಐದು ಮಹಾ ಸರೋವರಗಳಲ್ಲಿ ಇದೇ ಕಮ್ಮಿ ಆಳದ್ದು, ಅದಕ್ಕೇ ಬೇಗ ಬೆಚ್ಚಗಾಗುತ್ತದೆ. ಟೊಲಿಡೊ ಕಡೆಯ ಪಶ್ಚಿಮ ಭಾಗವಂತೂ ಸರಾಸರಿ ಏಳೂವರೆ ಮೀಟರ್ ಕೂಡ ಆಳ ಇಲ್ಲ. ತಳದಲ್ಲಿ ಅಲ್ಲಲ್ಲಿ ಕಲ್ಲು ದಿಬ್ಬಗಳು. ವಾಲೈಗೆ ಮೊಟ್ಟೆ ಇಡಲು ಬೇಕಾಗಿರುವುದೇ ಅದು.

ಊರಿನವರಿಗೂ ಈ ಮೀನಿನ ಹುಚ್ಚು ಸ್ವಲ್ಪ ಜಾಸ್ತಿ. ಪೋರ್ಟ್ ಕ್ಲಿಂಟನ್‌ನವರು ತಮ್ಮೂರನ್ನು ಜಗತ್ತಿನ ವಾಲೈ ರಾಜಧಾನಿ ಅಂತ ಕರೆದುಕೊಳ್ಳುತ್ತಾರೆ. ಡಿಸೆಂಬರ್ 31ರ ರಾತ್ರಿ ನ್ಯೂಯಾರ್ಕಿನವರು ಚೆಂಡು ಇಳಿಸಿದರೆ, ಇವರು 20 ಅಡಿ ಉದ್ದದ ಫೈಬರ್‌ಗ್ಲಾಸ್ ಮೀನನ್ನು ಕ್ರೇನಿನಿಂದ ಇಳಿಸಿ ಹೊಸ ವರ್ಷ ಬರಮಾಡಿಕೊಳ್ಳುತ್ತಾರೆ. ಅದಕ್ಕೆ ವೈಲಿ ಅಂತ ಹೆಸರೂ ಇಟ್ಟಿದ್ದಾರೆ.

ಯಾವಾಗ ಹೋಗಬೇಕು?

ಕ್ಯಾಲೆಂಡರ್ ಬಿಡಿ, ನೀರಿನ ಬಿಸಿ ನೋಡಿ. ನೀರು 5ರಿಂದ 11 ಡಿಗ್ರಿ ಸೆಲ್ಸಿಯಸ್ ಒಳಗೆ ಬಂದಾಗ ಮೊಟ್ಟೆ ಇಡುವ ಕಾಲ. ಮಾರ್ಚ್ ಮಧ್ಯದಿಂದ ಏಪ್ರಿಲ್ ಕೊನೆವರೆಗೆ ಅಂದುಕೊಳ್ಳಿ, ಕಲ್ಲು ದಿಬ್ಬಗಳ ಮೇಲೆ ಏಪ್ರಿಲ್ ಮೊದಲ ಮೂರು ವಾರ ಜೋರು.

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ಮುಂಗಾರಿಗೆ ಹೊಳೆ ಮೀನು ಹಳ್ಳ ಹತ್ತಿ ಗದ್ದೆಗೆ ಬರುತ್ತದಲ್ಲ, ಹತ್ಮೀನು, ಅದೇ ಲೆಕ್ಕ. ಅಲ್ಲಿ ಮಳೆ ನೀರು ಕರೆಯುತ್ತದೆ, ಇಲ್ಲಿ ಐಸ್ ಕರಗಿ ಬೆಚ್ಚಗಾಗುವ ನೀರು. ಅಜ್ಜ ಗದ್ದೆ ಬದುವಿಗೆ ಮೀನು ಹಿಡಿಯುವ ಬಿದಿರಿನ ಕೂಣಿ ಇಟ್ಟು ಬಂದು ರಾತ್ರಿಯಿಡೀ ಮಳೆ ಸದ್ದು ಕೇಳುತ್ತಾ ಮಲಗುತ್ತಿದ್ದರು. ನಾನು ಇಲ್ಲಿ ಫೋನಿನಲ್ಲಿ ನೀರಿನ ಉಷ್ಣಾಂಶ ನೋಡುತ್ತಾ ಮಲಗುತ್ತೇನೆ.

ಬುಕ್ ಮಾಡಿದ ದಿನ ಹೋಗೋದು ಗ್ಯಾರಂಟಿ ತಾನೆ?

ಇಲ್ಲ. ಇದೊಂದು ಉತ್ತರ ಓದಿ ಬೇರೆಲ್ಲ ಬಿಟ್ಟರೂ ಪರವಾಗಿಲ್ಲ. ಮೀನು ಅಲ್ಲಿರುತ್ತದೆ, ಅದರ ಚಿಂತೆ ಬೇಡ. ಗಾಳಿ ಬಿಟ್ಟರೆ ಮಾತ್ರ ನೀವೂ ಅಲ್ಲಿರುತ್ತೀರಿ.

ಆಳ ಕಮ್ಮಿ ಇರುವುದರಿಂದ ಈರಿಯಲ್ಲಿ ಅಲೆ ಉದ್ದಕ್ಕೆ ಏಳುವುದಿಲ್ಲ, ಗೋಡೆ ಥರ ನೆಟ್ಟಗೆ ಎದ್ದು ಒಂದರ ಹಿಂದೆ ಒಂದು ಬಡಿಯುತ್ತದೆ. ಸಮುದ್ರದಲ್ಲಿ ನಾಲ್ಕು ಅಡಿ ಅಲೆ ಏನೂ ಅಲ್ಲದಿರಬಹುದು, ಇಲ್ಲಿ ಸೊಂಟ ಮುರಿಯುತ್ತದೆ. ಈಶಾನ್ಯದಿಂದ ಜೋರು ಗಾಳಿ ಬೀಸಿದರೆ ನೀರೆಲ್ಲ ಟೊಲಿಡೊ ಕಡೆಗೆ ತಳ್ಳಿಕೊಂಡು ಹೋಗುತ್ತದೆ, ಪಶ್ಚಿಮದಿಂದ ಬೀಸಿದರೆ ಅದೇ ನೀರು ಬಫಲೋ ಕಡೆಗೆ ಓಡಿ ಇಲ್ಲಿ ಜೆಟ್ಟಿಯಲ್ಲಿ ಬೋಟು ಕೆಸರಿಗೆ ಕೂರುವಷ್ಟು ಇಳಿಯುವುದೂ ಉಂಟು, ಸ್ನಾನದ ತೊಟ್ಟಿಯಲ್ಲಿ ಮಗು ಕೈ ಆಡಿಸಿದ ಹಾಗೆ. ಗಾಳಿ ನಿಂತ ಮೇಲೂ ಮುಗಿಯಲಿಲ್ಲ. ತಳದ ಮಣ್ಣು ಎದ್ದು ನೀರು ಕಾಫಿ ಬಣ್ಣಕ್ಕೆ ತಿರುಗಿರುತ್ತದೆ, ತಿಳಿಯಾಗಲು ಇನ್ನೊಂದೆರಡು ದಿನ ಬೇಕು.

ನಮ್ಮ ಮೊದಲ ಪ್ರಯತ್ನ ಹೀಗೇ ಹೋಯಿತು. ಹಿಂದಿನ ರಾತ್ರಿಯೇ ಹೋಗಿ ಹೋಟೆಲಿನಲ್ಲಿ ಉಳಿದು, ಬೆಳಿಗ್ಗೆ ನಾಲ್ಕೂವರೆಗೆ ಎದ್ದು, ಫ್ಲಾಸ್ಕಿಗೆ ಕಾಫಿ ತುಂಬಿ, ಶೂ ಹಾಕಿಕೊಳ್ಳುವಾಗ ಕ್ಯಾಪ್ಟನ್ ಮೆಸೇಜು: ಇವತ್ತು ಆಗಲ್ಲ. ಬೈದುಕೊಂಡು ವಾಪಸ್ ಬಂದೆವು. ಮುಂದಿನ ವರ್ಷ ಇನ್ನೊಬ್ಬ ಕ್ಯಾಪ್ಟನ್ ಅಂಥದೇ ಗಾಳಿಯಲ್ಲಿ ಕರೆದುಕೊಂಡು ಹೋದ. ಮೂರು ಮೀನು ಸಿಕ್ಕಿತು, ನಾಲ್ಕು ಜನ ವಾಂತಿ ಮಾಡಿಕೊಂಡೆವು. ಆಗ ಗೊತ್ತಾಯಿತು ಮೊದಲನೆಯವನೇ ಒಳ್ಳೆಯವನು ಅಂತ. ಈ ವರ್ಷ ಅವನಿಗೇ ಫೋನ್ ಮಾಡಿದ್ದು.

ಹಾಗಾಗಿ ಒಂದು ದಿನ ಬುಕ್ ಮಾಡಿ ಎರಡು ದಿನ ರಜೆ ಇಟ್ಟುಕೊಳ್ಳಿ. ಹವಾಮಾನ ಇಲಾಖೆಯ ದಡದ ಹತ್ತಿರದ ಅಲೆ ಮುನ್ಸೂಚನೆ ನೋಡಿ. ಎರಡು ಅಡಿ ಒಳಗಿದ್ದರೆ ಹಬ್ಬ, ಮೂರು ದಾಟಿದರೆ ಮನೆಯಲ್ಲಿರಿ. ಇನ್ನೊಂದು ವಿಷಯ, ಒಳ್ಳೆ ದಿಬ್ಬಗಳು ಕೆಲವು ಕ್ಯಾಂಪ್ ಪೆರ್ರಿ ಸೇನಾ ಶಿಬಿರದ ಎದುರಿಗೇ ಇವೆ. ಅಲ್ಲಿ ಗುಂಡು ಹಾರಿಸುವ ಅಭ್ಯಾಸ ಇರುವ ದಿನ ಆ ನೀರಿಗೆ ಬೋಟು ಬಿಡುವುದಿಲ್ಲ.

ಲೈಸೆನ್ಸ್ ಬೇಕಾ? ನಾನು ವೀಸಾದಲ್ಲಿದ್ದೇನೆ.

ಬೇಕು. ವೀಸಾಕ್ಕೂ ಇದಕ್ಕೂ ಸಂಬಂಧ ಇಲ್ಲ. ಓಹಾಯೋದಲ್ಲಿ ಆರು ತಿಂಗಳಿಂದ ವಾಸವಿದ್ದರೆ ಸ್ಥಳೀಯರ ದರ, ಇಲ್ಲದಿದ್ದರೆ ಹೊರ ರಾಜ್ಯದವರ ದರ. 16 ವರ್ಷದ ಒಳಗಿನ ಮಕ್ಕಳಿಗೆ ಬೇಡ. ಬೋಟಿಗೆ ದುಡ್ಡು ಕೊಟ್ಟರೆ ಲೈಸೆನ್ಸೂ ಬಂತು ಅಂದುಕೊಳ್ಳಬೇಡಿ, ಪ್ರತಿಯೊಬ್ಬರೂ ತಾವೇ ತೆಗೆದುಕೊಳ್ಳಬೇಕು. ಚಾರ್ಟರ್ ಬೋಟಿನಲ್ಲಿ, ಅಂದರೆ ಕ್ಯಾಪ್ಟನ್ ಸಮೇತ ಬಾಡಿಗೆಗೆ ಸಿಗುವ ಬೋಟಿನಲ್ಲಿ, ಹೋಗುವವರಿಗೆ ಅಂತಲೇ ಒಂದು ದಿನದ್ದು ಸಿಗುತ್ತದೆ.

ಒಬ್ಬರಿಗೆ ದಿನಕ್ಕೆ ಆರು ಮೀನು, ಪ್ರತಿಯೊಂದೂ ಕನಿಷ್ಠ 15 ಇಂಚು. ಹದಿನಾಲ್ಕೂ ಮುಕ್ಕಾಲಿದ್ದರೆ ನೀರಿಗೆ ಬಿಡಿ. ಬಾಲ ಎಳೆದು ಅಳೆಯುವ ನಮ್ಮ ಬುದ್ಧಿ ಇಲ್ಲಿ ಬೇಡ, ವಾರ್ಡನ್ ಜೆಟ್ಟಿಯಲ್ಲೇ ನಿಂತಿರುತ್ತಾನೆ.

ಖರ್ಚು?

ಬೋಟು ಇಡೀ ದಿನಕ್ಕೆ ಇಷ್ಟು ಅಂತ ಮಾತು, ತಲೆಗೆ ಇಷ್ಟು ಅಂತಲ್ಲ. ಸಣ್ಣ ಚಾರ್ಟರ್‌ಗಳಲ್ಲಿ ಆರು ಜನಕ್ಕಿಂತ ಜಾಸ್ತಿ ಹತ್ತಿಸುವುದಿಲ್ಲ, ಅವರ ಕೋಸ್ಟ್ ಗಾರ್ಡ್ ಲೈಸೆನ್ಸೇ ಅಷ್ಟಕ್ಕೆ. ಆರು ಜನ ಸೇರಿಸಿದರೆ ಹಗುರ. ಕೊನೆಗೆ ಟಿಪ್ಸ್ ಕೊಡಬೇಕು, ಅದನ್ನು ಮೊದಲೇ ಲೆಕ್ಕಕ್ಕೆ ಸೇರಿಸಿ, ಆಮೇಲೆ ಮುಖ ಸಣ್ಣದು ಮಾಡಿಕೊಳ್ಳಬೇಡಿ.

ಏಪ್ರಿಲ್ ಅಲ್ವಾ, ಚಳಿ ಏನು ಮಹಾ?

ದಡದಲ್ಲಿ ಟೀ ಶರ್ಟು ಸಾಕು ಅನ್ನಿಸುತ್ತದೆ. ನೀರು 7 ಡಿಗ್ರಿ ಇರುತ್ತದೆ, ಅದರ ಮೇಲಿಂದ ಗಾಳಿ. ಒಳಗೆ ಥರ್ಮಲ್, ಮೇಲೆ ಸ್ವೆಟರ್, ಅದರ ಮೇಲೆ ನೀರು ಹೋಗದ ಜಾಕೆಟ್ಟು ಪ್ಯಾಂಟು, ಕಿವಿ ಮುಚ್ಚುವ ಟೊಪ್ಪಿ, ಎರಡು ಜೊತೆ ಗ್ಲೌಸು. ಒಂದು ಹೇಗೂ ಒದ್ದೆಯಾಗುತ್ತದೆ. ಲೈಫ್ ಜಾಕೆಟ್ ಹಾಕಿಯೇ ಇರಿ, ನನಗೆ ಈಜು ಬರುತ್ತದೆ ಅನ್ನುವವರಿಗೇ ಇದನ್ನು ಮೊದಲು ಹೇಳುವುದು. ತುಂಗೆಯಲ್ಲಿ ಈಜಿದ್ದು ಇಲ್ಲಿ ಲೆಕ್ಕಕ್ಕೆ ಬರಲ್ಲ. ಅಷ್ಟು ತಣ್ಣನೆ ನೀರಿಗೆ ಬಿದ್ದ ತಕ್ಷಣ ಉಸಿರೇ ಹತೋಟಿ ತಪ್ಪುತ್ತದೆ, ಸ್ವಲ್ಪ ಹೊತ್ತಿಗೆ ಕೈ ಕಾಲು ಮಾತು ಕೇಳಲ್ಲ.

ತಿನ್ನೋಕೆ ಏನು ಒಯ್ಯೋದು?

ಬಾಳೆಹಣ್ಣು ಒಂದು ಬಿಟ್ಟು ಏನು ಬೇಕಾದರೂ. ತಮಾಷೆ ಅಲ್ಲ. ಬೋಟಿನಲ್ಲಿ ಬಾಳೆಹಣ್ಣಿದ್ದರೆ ಮೀನು ಸಿಗಲ್ಲ ಅಂತ ಇಲ್ಲಿನ ಕ್ಯಾಪ್ಟನ್‌ಗಳ ನಂಬಿಕೆ. ನಮ್ಮಲ್ಲಿ ಬಾಳೆಹಣ್ಣಿಲ್ಲದೆ ಶುಭಕಾರ್ಯ ನಡೆಯಲ್ಲ, ಇಲ್ಲಿ ಬಾಳೆಹಣ್ಣಿದ್ದರೆ ಬೋಟು ಬಿಡಲ್ಲ. ನಮ್ಮ ಸಾಗರದ ಗೆಳೆಯನ ಚೀಲದಿಂದ ಎರಡು ಹಣ್ಣು ಹೊರಬಂತು, ಕ್ಯಾಪ್ಟನ್ ಮಾತಾಡದೆ ಜೆಟ್ಟಿಯ ಕಸದ ಡಬ್ಬ ತೋರಿಸಿದ. ಬಾಳೆಕಾಯಿ ಚಿಪ್ಸ್ ಪೊಟ್ಟಣ ಇದ್ದದ್ದು ಅವನಿಗೆ ಗೊತ್ತಾಗಲಿಲ್ಲ, ನಾವೂ ಹೇಳಲಿಲ್ಲ.

ವಾಂತಿ ಆದರೆ?

ಹಿಂದಿನ ರಾತ್ರಿ ಒಂದು ಮಾತ್ರೆ, ಬೆಳಿಗ್ಗೆ ಒಂದು. ಬೋಟಿನಲ್ಲಿ ನೆನಪಾಗಿ ನುಂಗಿದರೆ ಪ್ರಯೋಜನ ಇಲ್ಲ. ಒಳಗೆ ಹೋಗಿ ಮಲಗಬೇಡಿ, ಫೋನು ನೋಡಬೇಡಿ, ದೂರದ ದಡ ನೋಡುತ್ತಾ ನಿಲ್ಲಿ. ಆದರೆ ಆಯಿತು, ಗಾಳಿ ಯಾವ ಕಡೆಗೆ ಅಂತ ನೋಡಿಕೊಂಡು ಬಗ್ಗಿ.

ಎರೆಹುಳ ಹಾಕಿ ಕೂರೋದೇ? ಹೇಗೆ ಹಿಡಿಯೋದು?

ಎರೆಹುಳದ ಕಾಲ ಮೇ ನಂತರ. ಆಗ ಹುಳು ಪೋಣಿಸಿದ ಮಣಿಸರದಂಥ ಗಾಳ ಎಳೆಯುತ್ತಾರೆ, ಇಲ್ಲಿಯದೇ ಆದ ಈರಿ ಡಿಯರಿ ಅನ್ನುವ ಗಾಳವೂ ಹೊರಬರುತ್ತದೆ. ಏಪ್ರಿಲಿನಲ್ಲಿ ಎರಡು ದಾರಿ.

ಒಂದು, ಕಲ್ಲು ದಿಬ್ಬಕ್ಕಿಂತ ಸ್ವಲ್ಪ ಆಚೆ, ನೀರಿನ ನಡುಮಟ್ಟದಲ್ಲಿ ತೇಲುತ್ತಿರುವ ದೊಡ್ಡ ಹೆಣ್ಣು ಮೀನುಗಳಿಗಾಗಿ ಸಣ್ಣ ಮೀನಿನ ಆಕಾರದ ಗಾಳಗಳನ್ನು ಬೋಟಿನ ಹಿಂದೆ ನಿಧಾನಕ್ಕೆ ಎಳೆದುಕೊಂಡು ಹೋಗೋದು. ನೀರು ತಣ್ಣಗಿರುವಾಗ ಮೀನು ಓಡಿ ಬಂದು ತಿನ್ನಲ್ಲ, ಹಾಗಾಗಿ ಬೋಟು ನಡೆಯುವವನಿಗಿಂತಲೂ ನಿಧಾನ. ಕೆಲಸವೆಲ್ಲ ಕ್ಯಾಪ್ಟನ್‌ದು. ನನಗೆ ಬೋರು.

ಇನ್ನೊಂದು ಜಿಗ್. ನನಗೆ ಇದೇ ಇಷ್ಟ. ಹೆಬ್ಬೆರಳಿನ ಉಗುರಿನಷ್ಟು ಸೀಸದ ತಲೆ, ಅದಕ್ಕೊಂದು ಕೊಕ್ಕೆ, ಸುತ್ತ ನೇರಳೆ ಬಣ್ಣದ ಕೂದಲು. ತೂಕ ಹದಿನೆಂಟು ಇಪ್ಪತ್ತು ಗ್ರಾಂ. ದಿಬ್ಬದ ಮೇಲೆ ಹತ್ತು ಹದಿನೈದು ಅಡಿ ನೀರು. ಎಸೆಯಿರಿ, ತಳ ಮುಟ್ಟುವವರೆಗೆ ಬಿಡಿ. ದಾರ ಸಡಿಲವಾದರೆ ಮುಟ್ಟಿತು ಅಂತ. ಈಗ ಕೋಲಿನ ತುದಿಯನ್ನು ಒಂದು ಗೇಣು, ಹೆಚ್ಚೆಂದರೆ ಒಂದು ಮೊಳ ಎತ್ತಿ, ಮತ್ತೆ ಇಳಿಯಲು ಬಿಡಿ. ಗುಟ್ಟೆಲ್ಲ ಇರುವುದು ಇಳಿಯುವಾಗ. ಮೀನು ಕಚ್ಚುವುದು ಬೀಳುತ್ತಿರುವ ಜಿಗ್ಗಿಗೆ. ದಾರವನ್ನು ಪೂರ್ತಿ ಸಡಿಲ ಬಿಟ್ಟರೆ ಕಚ್ಚಿದ್ದು ಗೊತ್ತಾಗಲ್ಲ, ಪೂರ್ತಿ ಬಿಗಿ ಹಿಡಿದರೆ ಜಿಗ್ ನೆಟ್ಟಗೆ ಬೀಳಲ್ಲ. ಹಗ್ಗ ಹಿಡಿದು ಕರುವನ್ನು ಇಳಿಜಾರಿನಲ್ಲಿ ಇಳಿಸುತ್ತಾರಲ್ಲ, ಆ ಹದ. ಕಚ್ಚಿದಾಗ ಟಪ್ ಅಂತ ಒಂದು ಸಣ್ಣ ಏಟು, ಅಷ್ಟೇ. ಕೆಲವು ಸಲ ಅದೂ ಇಲ್ಲ. ಎತ್ತುವಾಗ ಒದ್ದೆ ಗೋಣಿಚೀಲ ಸಿಕ್ಕಿದ ಹಾಗೆ ಭಾರ. ತಕ್ಷಣ ಎಳೆಯಿರಿ. ಇದು ಕಲ್ಲೋ ಮೀನೋ ಅಂತ ನಾನು ಯೋಚಿಸಿದ ಒಂದು ಸೆಕೆಂಡಿನಲ್ಲಿ ಎಷ್ಟು ಹೋದವೋ.

ಆ ದಿನ ಹೇಗಿತ್ತು? ಪೂರ್ತಿ ಹೇಳಿ.

ಹಿಂದಿನ ಮೂರು ದಿನ ಗಾಳಿ ಇರಲಿಲ್ಲ. ನೀರು ಹಸಿರು ಬೆರೆತ ಮಬ್ಬು, ಜಿಗ್ ಎರಡು ಅಡಿ ಇಳಿಯುವವರೆಗೆ ಕಾಣುತ್ತಿತ್ತು. ಹೀಗೇ ಇರಬೇಕು ಅಂತ ಕ್ಯಾಪ್ಟನ್ ಹೇಳಿದ. ಆರೂವರೆಗೆ ಹೊರಟು ಮುಕ್ಕಾಲು ಗಂಟೆ ಓಡಿಸಿದ. ಮೊದಲ ದಿಬ್ಬದಲ್ಲಿ ಒಂದೂ ಇಲ್ಲ. ಎರಡನೆಯದರಲ್ಲೂ ಇಲ್ಲ. ಒಂಬತ್ತಾಯಿತು, ಚಿತ್ರಾನ್ನದ ಡಬ್ಬ ತೆಗೆದೆವು. ಬಾಳೆಕಾಯಿ ಚಿಪ್ಸ್ ವಿಷಯ ಹೇಳಿಬಿಡೋಣವಾ ಅಂತ ಒಬ್ಬ ಕಿವಿಯಲ್ಲಿ ಕೇಳಿದ.

ಮೂರನೇ ಜಾಗಕ್ಕೆ ಹೋಗಿ ಬೋಟು ಅಡ್ಡ ಬಿಟ್ಟ. ಮೊದಲ ಎಸೆತಕ್ಕೇ ನನ್ನದು ಟಪ್ ಅಂತು. 19 ಇಂಚಿನ ಗಂಡು. ಬಲೆಯಿಂದ ತೆಗೆಯುವ ಹೊತ್ತಿಗೆ ಆಚೆ ತುದಿಯಲ್ಲಿ ಇನ್ನೊಂದು. ಆಮೇಲೆ ಎರಡು ಗಂಟೆ ಯಾರೂ ಕೂರಲಿಲ್ಲ. ಈ ಕಾಲದಲ್ಲಿ ದಿಬ್ಬದ ಮೇಲೆ ಗಂಡುಗಳದ್ದೇ ಜಾತ್ರೆ. ಹೆಣ್ಣು ಬಂದು ಮೊಟ್ಟೆ ಬಿಟ್ಟು ಹೊರಟುಹೋಗುತ್ತದೆ, ಗಂಡುಗಳು ಮುಂದಿನದಕ್ಕೆ ಕಾಯುತ್ತಾ ವಾರಗಟ್ಟಲೆ ಅಲ್ಲೇ ಇರುತ್ತವೆ. ಹಿಡಿದ ತಕ್ಷಣ ಹೊಟ್ಟೆಯಿಂದ ಬಿಳಿ ಹಾಲು, ಅಂದರೆ ಗಂಡು ಮೀನಿನ ವೀರ್ಯ, ಸುರಿಯುತ್ತದೆ. ಹನ್ನೊಂದರ ಹೊತ್ತಿಗೆ ಬೋಟಿನ ನೆಲ, ನಮ್ಮ ಪ್ಯಾಂಟು, ಚಿತ್ರಾನ್ನದ ಡಬ್ಬ ಎಲ್ಲ ಅಂಟು. ಇದನ್ನು ಯಾರೂ ಫೋಟೋದಲ್ಲಿ ತೋರಿಸಲ್ಲ.

ನಾಲ್ಕು ಜನಕ್ಕೆ 24 ಇಟ್ಟುಕೊಳ್ಳಬಹುದಿತ್ತು, 22 ಆಯಿತು. ಹನ್ನೆರಡಕ್ಕೆ ನೈಋತ್ಯ ಗಾಳಿ ಶುರುವಾಯಿತು. ಇನ್ನೆರಡು ಹಿಡಿದು ಹೋಗೋಣ ಅಂದೆವು. ಕ್ಯಾಪ್ಟನ್ ಆಕಾಶ ನೋಡಿ ಎಂಜಿನ್ ಚಾಲೂ ಮಾಡಿದ. ಯಾರೂ ಎದುರು ಮಾತಾಡಲಿಲ್ಲ.

ಐದು ಜನ ಹೋಗಿ ನಾಲ್ಕು ಜನರ ಲೆಕ್ಕ ಯಾಕೆ?

ಐದನೆಯವನು ಆ ಸಾಗರದ ಗೆಳೆಯ, ಮೀನು ಮುಟ್ಟದವನು. ಸುಮ್ನೆ ಗಾಳಿ ಕುಡಿಯೋಕೆ ಬರ್ತೀನಿ ಅಂದವನು ಲೈಸೆನ್ಸ್ ಮಾಡಿಸಿಕೊಂಡೇ ಬಂದಿದ್ದ. ದಿನದ ಅತಿ ದೊಡ್ಡ ಮೀನು ಯಾರಿಗೆ ಸಿಕ್ಕಿತು ಅಂತ ಈಗ ನಿಮಗೇ ಗೊತ್ತಾಗಿರಬೇಕು. 29 ಇಂಚು, ಹೊಟ್ಟೆ ತುಂಬಾ ಮೊಟ್ಟೆ. 28 ಇಂಚು ದಾಟಿದ ವಾಲೈಗೆ ಓಹಾಯೋ ರಾಜ್ಯ ಒಂದು ಬಿಲ್ಲೆ ಕೊಡುತ್ತದೆ, ಮೀನು ಬಿಟ್ಟರೂ ಸಿಗುತ್ತದೆ. ಅವನು ಅರ್ಜಿ ಹಾಕಿದ್ದಾನೆ. ಊರಲ್ಲಿ ಗೊತ್ತಾಗಬಾರದಂತೆ.

ಅಷ್ಟು ದೊಡ್ಡ ಮೀನು ಬಿಟ್ಟುಬಿಟ್ರಾ? ತಲೆ ಕೆಟ್ಟಿದೆಯಾ?

ಇದು ಅಮ್ಮನ ಪ್ರಶ್ನೆ. ಇನ್ನೊಂದು ಕಡೆಯಿಂದ, ಬಸುರಿ ಮೀನು ಹಿಡಿಯೋದು ಪಾಪ ಅಲ್ವಾ ಅಂತ ಅತ್ತೆಯ ಪ್ರಶ್ನೆ. ಇಬ್ಬರಿಗೂ ಸೇರಿಸಿ ಹೇಳುತ್ತೇನೆ.

ಕಾನೂನು ಪ್ರಕಾರ ಇಟ್ಟುಕೊಳ್ಳಬಹುದು. ಈರಿಯಲ್ಲಿ ಮರಿ ಉಳಿಯೋದು ಬಹುಪಾಲು ಆ ವರ್ಷದ ವಸಂತದ ಹವೆಯ ಮೇಲೆ. ತಾಯಿಮೀನು ಎಷ್ಟೇ ಇದ್ದರೂ, ಬಿರುಗಾಳಿ ಎದ್ದು ಮೊಟ್ಟೆ ಕಲ್ಲಿನಿಂದ ಕೊಚ್ಚಿಹೋದರೆ, ಚಳಿ ಮತ್ತೆ ತಿರುಗಿ ಬಂದರೆ ಆ ವರ್ಷ ಸೊನ್ನೆ. ಹವೆ ಕೂಡಿಬಂದ 2015, 2018, 2021ರಲ್ಲಿ ಮರಿಗಳ ಸುಗ್ಗಿಯೇ ಆಯಿತು, ನಾವು ಹಿಡಿಯುತ್ತಿರೋದು ಹೆಚ್ಚಾಗಿ ಆ ವರ್ಷಗಳ ಮೀನನ್ನೇ. ಮೊಟ್ಟೆಗೂ ಗಾಳಿಯದೇ ಕಾಟ ನೋಡಿ. ಓಹಾಯೋ, ಮಿಶಿಗನ್, ಪೆನ್ಸಿಲ್ವೇನಿಯಾ, ನ್ಯೂಯಾರ್ಕ್, ಒಂಟಾರಿಯೊ ಐದೂ ಕಡೆಯವರು ಪ್ರತಿ ವರ್ಷ ಒಟ್ಟಿಗೆ ಕೂತು ಎಷ್ಟು ಹಿಡಿಯಬಹುದು ಅಂತ ನಿಗದಿ ಮಾಡುತ್ತಾರೆ.

ಆದರೂ ನಾನು ಬಿಡುತ್ತೇನೆ. ದೊಡ್ಡ ಹೆಣ್ಣಿನ ಹೊಟ್ಟೆಯಲ್ಲಿ ಲಕ್ಷಗಟ್ಟಲೆ ಮೊಟ್ಟೆ ಇರುತ್ತದೆ, ಮಾಂಸ 18 ಇಂಚಿನ ಗಂಡಿನಷ್ಟು ರುಚಿ ಇಲ್ಲ, ವಯಸ್ಸಾದಷ್ಟೂ ಮೈಯಲ್ಲಿ ಪಾದರಸ ಜಾಸ್ತಿ. ಮೂರು ಕಾರಣ ಸಾಲದೇ? ಊರಲ್ಲಿ ಹತ್ಮೀನು ಹಿಡಿಯಬೇಡಿ ಅಂತ ಮೀನುಗಾರಿಕೆ ಇಲಾಖೆ ಹೇಳಿದಾಗ ನಾವು ಯಾರೂ ಕೇಳಿದವರಲ್ಲ, ಅದೂ ನೆನಪಿದೆ.

ಬೋಟಿಲ್ಲದೆ ಹಿಡಿಯಬಹುದಾ?

ಧಾರಾಳವಾಗಿ. ಟೊಲಿಡೊ ಪಕ್ಕದ ಮಾಮೀ ನದಿಗೆ ಮಾರ್ಚ್ ಏಪ್ರಿಲಿನಲ್ಲಿ ಲಕ್ಷಾಂತರ ವಾಲೈ ಹತ್ತುತ್ತವೆ. ಎದೆಮಟ್ಟದ ರಬ್ಬರ್ ಪ್ಯಾಂಟು ಹಾಕಿಕೊಂಡು ಸೈಡ್ ಕಟ್ ಪಾರ್ಕಿನ ಹತ್ತಿರ ನೀರಿಗಿಳಿದರೆ ಆಯಿತು. ಶನಿವಾರ ಭುಜಕ್ಕೆ ಭುಜ ತಾಗುವಷ್ಟು ಜನ. ಅಲ್ಲಿ ನಿಯಮ ಬಿಗಿ, ಕೊಕ್ಕೆ ಬಾಯಿಯ ಒಳಗೆ ಸಿಕ್ಕಿಕೊಂಡಿದ್ದರೆ ಮಾತ್ರ ಮೀನು ನಿಮ್ಮದು. ಬೆನ್ನಿಗೋ ಬಾಲಕ್ಕೋ ಸಿಕ್ಕಿದ್ದನ್ನು ಬಿಡಲೇಬೇಕು.

ಆ ನೀರು ಗಲೀಜು ಅಂತಾರಲ್ಲ?

ಒಂದು ಕಾಲದಲ್ಲಿ ಹೌದು. 1960ರ ದಶಕದಲ್ಲಿ ಈರಿ ಸತ್ತೇಹೋಯಿತು ಅಂತ ಪತ್ರಿಕೆಗಳು ಬರೆದವು. 1969ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಇದಕ್ಕೆ ಸೇರುವ ಕಯಹೋಗ ನದಿಯ ಮೇಲಿನ ಎಣ್ಣೆಗೆ ಬೆಂಕಿಯೇ ಹತ್ತಿಕೊಂಡಿತು. 1970ರಲ್ಲಿ ಪಾದರಸ ಕಂಡುಬಂದು ವಾಲೈ ಹಿಡಿಯೋದನ್ನೇ ನಿಲ್ಲಿಸಬೇಕಾಯಿತು. ವಾಲೈನ ಹತ್ತಿರದ ಸಂಬಂಧಿ ಬ್ಲೂ ಪೈಕ್ ಅಂತ ಇತ್ತು, ಈರಿಯಲ್ಲಿ ಟನ್‌ಗಟ್ಟಲೆ ಹಿಡಿಯುತ್ತಿದ್ದರು, 1983ರಲ್ಲಿ ಅದು ನಿರ್ನಾಮವಾಯಿತು ಅಂತ ಘೋಷಿಸಿದರು. 1972ರಲ್ಲಿ ಅಮೆರಿಕ ಕೆನಡಾ ಒಪ್ಪಂದ ಆದಮೇಲೆ ನೀರು ಸುಧಾರಿಸಿತು. ಈಗಿನ ತೊಂದರೆ ಬೇಸಿಗೆಯದ್ದು, ಹೊಲದ ಗೊಬ್ಬರ ಹರಿದು ಬಂದು ಹಸಿರು ಪಾಚಿ. 2014ರ ಆಗಸ್ಟಿನಲ್ಲಿ ಟೊಲಿಡೊದ ಸುಮಾರು ಐದು ಲಕ್ಷ ಜನ ಮೂರು ದಿನ ನಲ್ಲಿ ನೀರು ಕುಡಿಯುವ ಹಾಗಿರಲಿಲ್ಲ. ಏಪ್ರಿಲಿನಲ್ಲಿ ಆ ಕಾಟ ಇಲ್ಲ. ಎಷ್ಟು ಉದ್ದದ ಮೀನನ್ನು ಎಷ್ಟು ದಿನಕ್ಕೊಮ್ಮೆ ತಿನ್ನಬಹುದು ಅಂತ ರಾಜ್ಯದ ಪಟ್ಟಿ ಇದೆ, ಬಸುರಿಯರು ಮಕ್ಕಳಿರುವ ಮನೆಯವರು ನೋಡಿಕೊಳ್ಳಿ.

ಮೀನಿನ ಹೊಟ್ಟೆಗೆ ಸೀಸ ತುಂಬಿದ ಕಥೆ ನಿಜವಾ?

ನಿಜ. 2022ರ ಸೆಪ್ಟೆಂಬರ್ ಕೊನೆಯಲ್ಲಿ ಕ್ಲೀವ್‌ಲ್ಯಾಂಡಿನ ಸ್ಪರ್ಧೆಯೊಂದರಲ್ಲಿ ಗೆದ್ದವರ ಮೀನು ಕಣ್ಣಿಗೆ ಕಂಡದ್ದಕ್ಕಿಂತ ತುಂಬಾ ತೂಗಿತು. ಅಲ್ಲೇ ಜನರ ಎದುರು ಕೊಯ್ದರೆ ಒಳಗೆ ಸೀಸದ ಗುಂಡು, ಜೊತೆಗೆ ಬೇರೆ ಮೀನಿನ ತುಂಡು. ಇಬ್ಬರೂ ಆಮೇಲೆ ತಪ್ಪೊಪ್ಪಿಕೊಂಡು ಜೈಲಿಗೂ ಹೋದರು. ನಮ್ಮ 22 ಮೀನನ್ನು ಬೇಕಾದರೆ ಬಂದು ಕೊಯ್ದು ನೋಡಿ, ಏನಾದರೂ ಉಳಿದಿದ್ದರೆ.

ಕ್ಲೀನ್ ಮಾಡೋದು ಯಾರು? ಸಾರಿಗೆ ಆಗುತ್ತಾ?

ಪೋರ್ಟ್ ಕ್ಲಿಂಟನ್‌ನಲ್ಲಿ ಮೀನು ಕ್ಲೀನ್ ಮಾಡುವ ಅಂಗಡಿಗಳೇ ಇವೆ, ಪೌಂಡಿಗೆ ಇಷ್ಟು ಅಂತ ತೆಗೆದುಕೊಳ್ಳುತ್ತಾರೆ. ಚೂರಿ ಕಿವಿರಿನ ಹಿಂದೆ ಇಳಿದು ಬಾಲದವರೆಗೆ ಹೋಗಿ ತಿರುಗಿ ಬರಲು ಅರ್ಧ ನಿಮಿಷ. ಬಿಳಿ ಮಾಂಸ, ಮುಳ್ಳು ತೀರಾ ಕಮ್ಮಿ, ವಾಸನೆ ಇಲ್ಲ. ರುಚಿ ನಮ್ಮ ಕಾಣೆ ಮೀನಿನ ಹತ್ತಿರ, ಸ್ವಲ್ಪ ಸಪ್ಪೆ. ಹಾಗಾಗಿ ಬ್ಯಾಡಗಿ ಮೆಣಸು, ಬೆಳ್ಳುಳ್ಳಿ, ಹುಣಸೆ ಅರೆದು ಅರ್ಧ ಗಂಟೆ ಹಚ್ಚಿಟ್ಟು ರವೆಯಲ್ಲಿ ಹೊರಳಿಸಿ ಕಾವಲಿ ಮೇಲೆ ಹಾಕಿದರೆ ಬೇರೇನೂ ಬೇಡ. ಬೇಗ ಬೇಯುತ್ತದೆ, ಅತ್ತಿತ್ತ ನೋಡುತ್ತಾ ನಿಂತರೆ ಪುಡಿಪುಡಿ.

ಸಾರಿಗೆ ಮಾತ್ರ ತಲೆಯೇ ಬೇಕು. ಅಂಗಡಿಯವರು ತಲೆಗಳನ್ನು ಬಕೆಟ್ಟಿಗೆ ಎಸೆಯುತ್ತಿದ್ದರು. ನಮ್ಮ ಮೀನಿನ ತಲೆಗಳನ್ನು ನಮಗೇ ಕೊಡಿ ಅಂದೆ. ಆ ಹುಡುಗ ಎರಡು ಸಲ ಕೇಳಿಸಿಕೊಂಡ. ತೋಟಕ್ಕೆ ಗೊಬ್ಬರಕ್ಕಾ ಅಂದ. ಊಟಕ್ಕೆ ಅಂದೆ. ಚೂರಿ ಕೆಳಗಿಟ್ಟು ಒಳಗೆ ಹೋಗಿ ಯಜಮಾನನನ್ನು ಕರೆದುಕೊಂಡು ಬಂದ. ಯಜಮಾನ ವಯಸ್ಸಾದವನು, ನಕ್ಕು ಒಂದು ತಲೆ ಎತ್ತಿಕೊಂಡು ಕಣ್ಣಿನ ಕೆಳಗೆ ಬೆರಳಿಟ್ಟು ಕೆನ್ನೆಯ ಮಾಂಸ ತೋರಿಸಿದ. ಮೀನಿನಲ್ಲಿ ಒಳ್ಳೆ ಭಾಗ ಇದೇ, ಹೇಳಿದರೆ ಗಿರಾಕಿಗಳು ನಂಬಲ್ಲ ಅಂದ. 22 ತಲೆ, ಎರಡು ಚೀಲ ತುಂಬಾ ಐಸು, ತಲೆಗೆ ಕಾಸು ತೆಗೆದುಕೊಳ್ಳಲಿಲ್ಲ. ರಾತ್ರಿ ಕೊಲಂಬಸ್ಸಿಗೆ ಬಂದು ತೆಂಗಿನಕಾಯಿ ಅರೆಯುವಷ್ಟರಲ್ಲಿ ಹನ್ನೊಂದಾಗಿತ್ತು. ಸಾಗರದವನು ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮೊಸರನ್ನ ತಿನ್ನುತ್ತಾ, ತನ್ನ ಮೀನಿನ ಫೋಟೋ ಎಲ್ಲರಿಗೂ ಕಳಿಸುತ್ತಿದ್ದ.